ಸುಹೈಲಿ (ಹಾಯಿದೋಣಿ)

ಸುಹೈಲಿ ಎಂಬುದು ತೇಗದ ಮರದಿಂದ ಕಟ್ಟಿದ, ಎರಡು ಕೂವೆಮರಗಳುಳ್ಳ, ಸುಮಾರು 32 ಅಡಿ ಉದ್ದದ ಹಾಯಿದೋಣಿ. ಅಮೆರಿಕದ ದೋಣಿ ವಿನ್ಯಾಸಕಾರ ವಿಲಿಯಂ ಆಟ್ಕಿನ್ 1920ರ ದಶಕದಲ್ಲಿ ರೂಪಿಸಿದ 'ಎರಿಕ್' ಎಂಬ ನಕ್ಷೆಯನ್ನು ಆಧರಿಸಿ ಇದನ್ನು ಮುಂಬಯಿಯಲ್ಲಿ ನಿರ್ಮಿಸಲಾಯಿತು. 1964ರ ಡಿಸೆಂಬರ್‌ನಲ್ಲಿ ಇದು ನೀರಿಗಿಳಿಯಿತು. ಬ್ರಿಟಿಷ್ ನಾವಿಕ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968ರ ಜೂನ್ 14ರಿಂದ 1969ರ ಏಪ್ರಿಲ್ 22ರವರೆಗೆ ಇದೇ ದೋಣಿಯಲ್ಲಿ ಒಬ್ಬರೇ, ಯಾವ ಬಂದರಿನಲ್ಲಿಯೂ ತಂಗದೆ, ಭೂಮಿಯನ್ನು ಒಂದು ಸುತ್ತು ಬಂದರು. ಹೀಗೆ ಮಾಡಿದವರಲ್ಲಿ ಅವರೇ ಮೊದಲಿಗರು. ಆ ಸ್ಪರ್ಧೆಯಲ್ಲಿ ಪಾಲ್ಗೊಂಡ ಒಂಬತ್ತು ದೋಣಿಗಳ ಪೈಕಿ ಗುರಿ ಮುಟ್ಟಿದ್ದು ಸುಹೈಲಿ ಮಾತ್ರ.

ಲೆಕ್ಕದ ಪ್ರಕಾರ ಸುಹೈಲಿ ಭಾರವಾದ, ನಿಧಾನಗತಿಯ, ತನ್ನ ಕಾಲಕ್ಕೂ ಹಳತಾದ ವಿನ್ಯಾಸ. ಅದಕ್ಕಿಂತ ವೇಗವಾದ ದೋಣಿಗಳು ಸ್ಪರ್ಧೆಯನ್ನು ಪೂರೈಸಲಿಲ್ಲ. ಈ ಕಾರಣದಿಂದ ಮಧ್ಯಮ ಗಾತ್ರದ ಸಾಗರಯಾನದ ದೋಣಿಯೊಂದರಲ್ಲಿ ವೇಗಕ್ಕೆ ಎಷ್ಟು ಬೆಲೆ, ಬಾಳಿಕೆಗೆ ಎಷ್ಟು ಬೆಲೆ ಎಂಬ ಚರ್ಚೆಯಲ್ಲಿ ಸುಹೈಲಿ ಇಂದಿಗೂ ಒಂದು ಮುಖ್ಯ ಉದಾಹರಣೆಯಾಗಿದೆ.

ಪ್ರಮುಖ ವಿವರಗಳು

- ಬಗೆ: ಕೆಚ್ (ಮುಂದೆ ಎತ್ತರದ, ಹಿಂದೆ ಗಿಡ್ಡ ಕೂವೆಮರವಿರುವ ಹಾಯಿದೋಣಿ)
- ಮೂಲ ವಿನ್ಯಾಸ: ವಿಲಿಯಂ ಆಟ್ಕಿನ್ ಅವರ 'ಎರಿಕ್'
- ನಿರ್ಮಾಣ: ಮುಂಬಯಿ, ತೇಗದ ಮರ
- ನೀರಿಗಿಳಿದದ್ದು: ಡಿಸೆಂಬರ್ 1964
- ಒಡಲಿನ ಉದ್ದ: 32 ಅಡಿ 5 ಅಂಗುಲ (9.88 ಮೀಟರ್)
- ಮುಂಚಾಚು, ಹಿಂಚಾಚು ಮರಗಳನ್ನು ಸೇರಿಸಿದ ಉದ್ದ: 44 ಅಡಿ (13.4 ಮೀಟರ್)
- ನೀರಿನ ಗೆರೆಯ ಉದ್ದ: 28 ಅಡಿ (8.5 ಮೀಟರ್)
- ಗರಿಷ್ಠ ಅಗಲ: 11 ಅಡಿ 1 ಅಂಗುಲ (3.38 ಮೀಟರ್)
- ನೀರಿನೊಳಗಿನ ಆಳ: 5 ಅಡಿ 6 ಅಂಗುಲ (1.68 ಮೀಟರ್)
- ಹಾಯಿಗಳ ವಿಸ್ತೀರ್ಣ: 666 ಚದರ ಅಡಿ (61.9 ಚದರ ಮೀಟರ್)
- ತೂಕ: ಸುಮಾರು 10 ಟನ್

ಹೆಸರು

ಪರ್ಷಿಯನ್ ಕೊಲ್ಲಿಯಲ್ಲಿ ಬೀಸುವ ಆಗ್ನೇಯ ಮಾರುತವನ್ನು ಅರಬ್ ನಾವಿಕರು 'ಸುಹೈಲಿ' ಎಂದು ಕರೆಯುತ್ತಾರೆ. ನಾಕ್ಸ್-ಜಾನ್‌ಸ್ಟನ್ ಆಗ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ವ್ಯಾಪಾರಿ ಹಡಗುಗಳಲ್ಲಿ ಅಧಿಕಾರಿಯಾಗಿದ್ದರು. ಆ ಸಮುದ್ರಮಾರ್ಗದ ಪರಿಚಯವಿದ್ದ ಅವರು ಈ ಹೆಸರನ್ನು ಆರಿಸಿಕೊಂಡರು.

ವಿನ್ಯಾಸದ ಮೂಲ

ಸುಹೈಲಿಯ ವಂಶಾವಳಿ ನಾರ್ವೆಯ ಕರಾವಳಿಯಿಂದ ಆರಂಭವಾಗುತ್ತದೆ. ಸ್ಕಾಟಿಷ್ ತಂದೆತಾಯಿಗಳಿಗೆ ನಾರ್ವೆಯ ಲಾರ್ವಿಕ್‌ನಲ್ಲಿ ಜನಿಸಿದ ಕೋಲಿನ್ ಆರ್ಚರ್ (1832–1921) ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಾರ್ವೆಯ ಸಮುದ್ರ ರಕ್ಷಣಾ ಸಂಸ್ಥೆಗಾಗಿ ರಕ್ಷಣಾ ದೋಣಿಗಳನ್ನು ರೂಪಿಸಿದರು. ಅನ್ವೇಷಕ ಫ್ರಿಟ್ಯೋಫ್ ನಾನ್ಸೆನ್ ಅವರ ಧ್ರುವಯಾನದ ಹಡಗು 'ಫ್ರಾಮ್' ಕೂಡ ಆರ್ಚರ್ ಅವರದೇ ಕೃತಿ. ರಕ್ಷಣಾ ದೋಣಿಗಳು ಚಳಿಗಾಲದ ಬಿರುಗಾಳಿಯಲ್ಲಿಯೂ ಮೀನುಗಾರರ ದೋಣಿಗಳ ಹತ್ತಿರವೇ ಇದ್ದು, ಅಪಾಯದಲ್ಲಿದ್ದ ದೋಣಿಯನ್ನು ಬಂಡೆಗಳ ತೀರದಿಂದ ಎಳೆದು ತರಬೇಕಾಗಿತ್ತು. ಆದ್ದರಿಂದ ವೇಗಕ್ಕಿಂತ ಗಟ್ಟಿತನಕ್ಕೂ, ಹಿಂದಿನಿಂದ ಬರುವ ಅಲೆಗಳನ್ನು ತಾಳಿಕೊಳ್ಳುವ ಗುಣಕ್ಕೂ ಅವುಗಳಲ್ಲಿ ಆದ್ಯತೆ ದೊರೆಯಿತು. ಅಗಲವಾದ, ಭಾರವಾದ ಒಡಲು, ಉದ್ದಕ್ಕೂ ಹರಡಿದ ಕೀಲ್ (ದೋಣಿಯ ಬೆನ್ನೆಲುಬಿನಂತಿರುವ ಅಡಿಮರ) ಮತ್ತು ಮುಂಬದಿಯಂತೆಯೇ ಚೂಪಾದ ಹಿಂಬದಿ ಈ ಮಾದರಿಯ ಗುರುತುಗಳಾದವು.

ವಿಲಿಯಂ ಆಟ್ಕಿನ್ (1882–1962) ಸುಮಾರು 47 ಅಡಿಯ ಈ ರಕ್ಷಣಾ ದೋಣಿಯ ಆಕಾರವನ್ನು ಸಣ್ಣ ಕುಟುಂಬ ಅಥವಾ ಒಬ್ಬಿಬ್ಬರು ನಡೆಸಬಲ್ಲ 32 ಅಡಿಯ ವಿಹಾರದೋಣಿಗೆ ಇಳಿಸಿದರು. 'ಎರಿಕ್' ರೂಪುಗೊಂಡದ್ದು ಹೀಗೆ. ದೋಣಿಯ ಉದ್ದವನ್ನು ಕಡಿಮೆ ಮಾಡಿದಾಗ ಅದರ ಒಳಜಾಗ, ತೂಕ ಮತ್ತು ಸ್ಥಿರತೆ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಉದ್ದ ಅರ್ಧವಾದರೆ ತೂಕ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಈ ಕಾರಣದಿಂದ ಆಟ್ಕಿನ್ ಕೇವಲ ಅಳತೆಗಳನ್ನು ಕಿರಿದುಗೊಳಿಸದೆ, ಉದ್ದಕ್ಕೆ ಹೋಲಿಸಿದರೆ ಅಗಲವನ್ನು ಹೆಚ್ಚಿಸಿ, ಒಡಲನ್ನು ತುಂಬಿಕೊಂಡಂತೆ ಮಾಡಿದರು.

ನಿರ್ಮಾಣ

ಮುಂಬಯಿಯಲ್ಲಿ ನೆಲೆಸಿದ್ದ ನಾಕ್ಸ್-ಜಾನ್‌ಸ್ಟನ್ ಮತ್ತು ಅವರ ಸಹೋದ್ಯೋಗಿಗಳು ಇಂಗ್ಲೆಂಡಿನಿಂದ ಬೇರೊಂದು ದೋಣಿಯ ನಕ್ಷೆಯನ್ನು ತರಿಸಿಕೊಳ್ಳಲು ಬಯಸಿದ್ದರು. ಅವರ ಕೈ ಸೇರಿದ್ದು ಎರಿಕ್‌ನ ನಕ್ಷೆ. ಮತ್ತೆ ಪತ್ರ ಬರೆದು ಕಾಯುವ ಬದಲು ಅದೇ ನಕ್ಷೆಯಿಂದ ಕೆಲಸ ಆರಂಭಿಸಲು ಅವರು ತೀರ್ಮಾನಿಸಿದರು. ಕೊಲಾಬಾದ ಕಾರ್ಖಾನೆಯೊಂದರಲ್ಲಿ 1963ರ ಸುಮಾರಿಗೆ ಕೆಲಸ ಆರಂಭವಾಯಿತು. ಸ್ಥಳೀಯ ಬಡಗಿಗಳು ಬಾಚಿ, ಕೈಬೈರಿಗೆಗಳಂಥ ಸಾಂಪ್ರದಾಯಿಕ ಸಲಕರಣೆಗಳಿಂದ ಇದನ್ನು ಕಟ್ಟಿದರು.

ಮುಂಬಯಿಗೆ ತೇಗದ ಹಡಗು ಕಟ್ಟುವ ದೀರ್ಘ ಪರಂಪರೆಯಿದೆ. ವಾಡಿಯಾ ಮನೆತನದ ಕುಶಲಕರ್ಮಿಗಳು ಅಲ್ಲಿ ಬ್ರಿಟಿಷ್ ನೌಕಾಪಡೆಗೂ ಯುದ್ಧನೌಕೆಗಳನ್ನು ಕಟ್ಟಿದ್ದರು. 1817ರಲ್ಲಿ ನೀರಿಗಿಳಿದ 'ಟ್ರಿಂಕೊಮಲಿ' ಎಂಬ ನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಉಳಿದಿದೆ. ತೇಗದಲ್ಲಿ ಸಹಜವಾದ ಎಣ್ಣೆಯ ಅಂಶವಿರುವುದರಿಂದ ಅದು ಬೇಗ ಕೊಳೆಯುವುದಿಲ್ಲ. ಉಪ್ಪುನೀರಿಗೂ, ಮರ ಕೊರೆಯುವ ಹುಳುಗಳಿಗೂ ಇತರ ಮರಗಳಿಗಿಂತ ಹೆಚ್ಚು ಕಾಲ ತಾಳುತ್ತದೆ. ಯುರೋಪಿನಲ್ಲಿ ತೇಗ ದುಬಾರಿ ಮರವಾಗಿದ್ದರಿಂದ ಸಣ್ಣ ದೋಣಿಯ ಇಡೀ ಒಡಲನ್ನು ಅದರಿಂದಲೇ ಕಟ್ಟುವುದು ಅಪರೂಪವಾಗಿತ್ತು. ಮುಂಬಯಿಯಲ್ಲಿ ಅದು ಸಾಧ್ಯವಾಯಿತು.

1965ರ ಕೊನೆಯಲ್ಲಿ ನಾಕ್ಸ್-ಜಾನ್‌ಸ್ಟನ್ ತಮ್ಮ ಸಹೋದರ ಮತ್ತು ಒಬ್ಬ ಸ್ನೇಹಿತರೊಂದಿಗೆ ಸುಹೈಲಿಯಲ್ಲಿ ಮುಂಬಯಿಯಿಂದ ಹೊರಟು, ಅರೇಬಿಯಾ ಹಾಗೂ ಪೂರ್ವ ಆಫ್ರಿಕಾದ ಬಂದರುಗಳ ಮೂಲಕ ದಕ್ಷಿಣ ಆಫ್ರಿಕಾ ತಲುಪಿದರು. ಅಲ್ಲಿಂದ ಕೇಪ್‌ಟೌನ್–ಲಂಡನ್ ಯಾನವನ್ನು ನಡುವೆ ಎಲ್ಲಿಯೂ ನಿಲ್ಲದೆ ಪೂರೈಸಿದರು. ದೋಣಿಯ ಗುಣದೋಷಗಳು ನಾವಿಕನಿಗೆ ತಿಳಿದದ್ದು ಈ ಯಾನದಲ್ಲಿ.

ವಿನ್ಯಾಸದ ಲಕ್ಷಣಗಳು

ಒಡಲು

ಸುಹೈಲಿಯ ಒಡಲಿನ ಅಗಲ ಅದರ ನೀರಿನ ಗೆರೆಯ ಉದ್ದದ ಸುಮಾರು ಶೇಕಡಾ 40ರಷ್ಟಿದೆ. ಅಗಲವಾದ ಒಡಲು ಸಾಧಾರಣ ಗಾಳಿಯಲ್ಲಿ ಹೆಚ್ಚು ವಾಲುವುದಿಲ್ಲ. ಆಹಾರ, ನೀರು, ಬಿಡಿಭಾಗಗಳಿಗೆ ವಿಶಾಲವಾದ ಜಾಗ ಒದಗಿಸುತ್ತದೆ. ಆದರೆ ನೀರನ್ನು ಸೀಳಿ ಸಾಗುವಾಗ ಅದಕ್ಕೆ ಎದುರಾಗುವ ತಡೆ ಹೆಚ್ಚು. ಅಲೆಗಳಿಗೆ ಎದುರಾಗಿ ಸಾಗುವಾಗ ತುಂಬಿದ ಮುಂಬದಿ ಪ್ರತಿ ಅಲೆಗೂ ಡಿಕ್ಕಿ ಹೊಡೆದು ವೇಗ ಕಳೆದುಕೊಳ್ಳುತ್ತದೆ.

ಚೂಪಾದ ಹಿಂಬದಿ ಬೆನ್ನಟ್ಟಿ ಬರುವ ಅಲೆಯನ್ನು ಎರಡಾಗಿ ಸೀಳಿ ದೋಣಿಯ ಇಬ್ಬದಿಗೆ ಹರಿಸುತ್ತದೆ. ದಕ್ಷಿಣ ಮಹಾಸಾಗರದಲ್ಲಿ ಗಾಳಿಯೂ ಅಲೆಯೂ ಬಹುಪಾಲು ಹಿಂದಿನಿಂದಲೇ ಬರುವುದರಿಂದ ಇದು ಮುಖ್ಯ ಗುಣ. ಆದರೆ ಹಿಂಬದಿ ಕಿರಿದಾದಷ್ಟೂ ಅಲ್ಲಿನ ತೇಲುವ ಶಕ್ತಿ ಕಡಿಮೆಯಾಗುತ್ತದೆ, ನಾವಿಕ ಕುಳಿತುಕೊಳ್ಳುವ ಜಾಗವೂ ಇಕ್ಕಟ್ಟಾಗುತ್ತದೆ. ಚಪ್ಪಟೆ ಹಿಂಬದಿಯ ದೋಣಿಗಳಿಗೆ ಈ ತೊಂದರೆಗಳಿಲ್ಲ.

ಕೀಲ್ ಮತ್ತು ಚುಕ್ಕಾಣಿ

ಉದ್ದವಾದ ಕೀಲ್ ದೋಣಿಯನ್ನು ನೇರ ದಾರಿಯಲ್ಲಿ ಹಿಡಿದಿಡುತ್ತದೆ. ಚುಕ್ಕಾಣಿಯನ್ನು ಒಡಲಿನ ಹೊರಗೆ, ಹಿಂಗಂಬಕ್ಕೆ ತೂಗುಹಾಕಲಾಗಿದೆ. ಹೊರಗೆ ಕಾಣುವಂತಿರುವುದರಿಂದ ಅದನ್ನು ಪರೀಕ್ಷಿಸುವುದೂ ಸರಿಪಡಿಸುವುದೂ ಸುಲಭ. ದಿಕ್ಕನ್ನು ಥಟ್ಟನೆ ಬದಲಿಸಬೇಕಾದಾಗ ಇದೇ ಉದ್ದದ ಕೀಲ್ ಅಡ್ಡಿಯಾಗುತ್ತದೆ. ನೀರಿಗೆ ತಾಗುವ ಮೇಲ್ಮೈ ಹೆಚ್ಚಿರುವುದರಿಂದ ಮಂದಗಾಳಿಯಲ್ಲಿ ಘರ್ಷಣೆಯೂ ಹೆಚ್ಚು.

ಹಾಯಿಗಳ ಜೋಡಣೆ

ಕೆಚ್ ಮಾದರಿಯಲ್ಲಿ ಹಾಯಿಯ ಒಟ್ಟು ವಿಸ್ತೀರ್ಣ ಹಲವು ಸಣ್ಣ ಹಾಯಿಗಳಲ್ಲಿ ಹಂಚಿಹೋಗುತ್ತದೆ. ಆದ್ದರಿಂದ ಒಬ್ಬನೇ ನಾವಿಕ ಅವನ್ನು ಏರಿಸಿ ಇಳಿಸಬಲ್ಲ. ಬಿರುಗಾಳಿ ಎದ್ದಾಗ ದೊಡ್ಡ ಹಾಯಿಯನ್ನು ಪೂರ್ತಿ ಇಳಿಸಿ, ಮುಂದಿನ ಮತ್ತು ಹಿಂದಿನ ಸಣ್ಣ ಹಾಯಿಗಳಿಂದಲೇ ದೋಣಿಯನ್ನು ಸಮತೋಲದಲ್ಲಿ ಇಡಬಹುದು. ಹಿಂದಿನ ಕೂವೆಮರದ ಹಾಯಿಯನ್ನು ಬಿಗಿಗೊಳಿಸಿ ಅಥವಾ ಸಡಿಲಿಸಿ ದೋಣಿಯ ದಿಕ್ಕನ್ನೇ ಹೊಂದಿಸಬಹುದು. ಸುಹೈಲಿಯ ಯಾನದಲ್ಲಿ ಈ ಗುಣ ನಿರ್ಣಾಯಕವಾಯಿತು.

ಲೆಕ್ಕಾಚಾರದಲ್ಲಿ ಸುಹೈಲಿ

ನೀರನ್ನು ತಳ್ಳುತ್ತ ಸಾಗುವ ಒಡಲಿನ ಗರಿಷ್ಠ ವೇಗ ಅದರ ನೀರಿನ ಗೆರೆಯ ಉದ್ದವನ್ನು ಅವಲಂಬಿಸಿದೆ. ಅಡಿಗಳಲ್ಲಿ ಅಳೆದ ಆ ಉದ್ದದ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ವೇಗವು ನಾಟ್‌ಗಳಲ್ಲಿ (ಗಂಟೆಗೆ ಇಷ್ಟು ನಾಟಿಕಲ್ ಮೈಲಿ) ದೊರೆಯುತ್ತದೆ. 28 ಅಡಿಗೆ ಇದು ಸುಮಾರು 7.1 ನಾಟ್, ಅಂದರೆ ದಿನಕ್ಕೆ 170 ಮೈಲಿ.

ಒಟ್ಟು ತೂಕವನ್ನು ಸುಮಾರು 10 ಟನ್ ಎಂದು ಹಿಡಿದರೆ, ವಿನ್ಯಾಸಕಾರರು ಬಳಸುವ ಮೂರು ಅನುಪಾತಗಳು ಹೀಗಿವೆ:

- ತೂಕ ಮತ್ತು ಉದ್ದದ ಅನುಪಾತ ಸುಮಾರು 450. ಇದು 350ನ್ನು ಮೀರಿದರೆ ದೋಣಿಯನ್ನು ಬಹಳ ಭಾರವಾದದ್ದೆಂದು ಪರಿಗಣಿಸಲಾಗುತ್ತದೆ.
- ಹಾಯಿಯ ವಿಸ್ತೀರ್ಣ ಮತ್ತು ತೂಕದ ಅನುಪಾತ ಸುಮಾರು 13.5. ಸಾಮಾನ್ಯ ಯಾನದೋಣಿಗಳಲ್ಲಿ ಇದು 15ರಿಂದ 18ರವರೆಗೆ ಇರುತ್ತದೆ. ಅಂದರೆ ತೂಕಕ್ಕೆ ತಕ್ಕಷ್ಟು ಹಾಯಿ ಸುಹೈಲಿಗಿಲ್ಲ.
- ಮಗುಚುವ ಅಪಾಯದ ಸೂಚ್ಯಂಕ ಸುಮಾರು 1.6. 1979ರ ಫಾಸ್ಟ್‌ನೆಟ್ ಸ್ಪರ್ಧೆಯ ದುರಂತದ ನಂತರ ಬಳಕೆಗೆ ಬಂದ ಈ ಅಳತೆಯಲ್ಲಿ 2ಕ್ಕಿಂತ ಕಡಿಮೆ ಬಂದರೆ ದೋಣಿ ತೆರೆದ ಸಾಗರಕ್ಕೆ ಯೋಗ್ಯವೆಂದು ತಿಳಿಯಲಾಗುತ್ತದೆ.

ಈ ಸೂತ್ರಗಳು ತಳಭಾರ ಎಷ್ಟು ಆಳದಲ್ಲಿದೆ, ಒಡಲನ್ನು ಎಷ್ಟು ಗಟ್ಟಿಯಾಗಿ ಕಟ್ಟಲಾಗಿದೆ ಎಂಬುದನ್ನು ಲೆಕ್ಕಿಸುವುದಿಲ್ಲ. ಆದರೂ ಅವು ತೋರಿಸುವ ಚಿತ್ರ ಸ್ಪಷ್ಟವಾಗಿದೆ: ಮಂದಗಾಳಿಯಲ್ಲಿ ಜಡ, ಬಿರುಗಾಳಿಯಲ್ಲಿ ಸ್ಥಿರ.

ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ

1966–67ರಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ಸಿಡ್ನಿಯಲ್ಲಿ ಒಮ್ಮೆ ಮಾತ್ರ ನಿಂತು ಒಂಟಿಯಾಗಿ ಭೂಪ್ರದಕ್ಷಿಣೆ ಮಾಡಿದ್ದರು. ಎಲ್ಲಿಯೂ ನಿಲ್ಲದ ಯಾನ ಉಳಿದಿತ್ತು. 1968ರಲ್ಲಿ ಬ್ರಿಟನ್ನಿನ 'ಸಂಡೇ ಟೈಮ್ಸ್' ಪತ್ರಿಕೆ ಅದಕ್ಕಾಗಿ ಸ್ಪರ್ಧೆಯೊಂದನ್ನು ಘೋಷಿಸಿತು. ಮೊದಲು ಮರಳಿದವರಿಗೆ ಗೋಲ್ಡನ್ ಗ್ಲೋಬ್ ಪಾರಿತೋಷಕ, ಅತ್ಯಂತ ಕಡಿಮೆ ದಿನಗಳಲ್ಲಿ ಪೂರೈಸಿದವರಿಗೆ 5,000 ಪೌಂಡ್ ಬಹುಮಾನ ಎಂದು ಗೊತ್ತುಪಡಿಸಲಾಯಿತು. ನಾಕ್ಸ್-ಜಾನ್‌ಸ್ಟನ್ ಈ ಯಾನಕ್ಕಾಗಿ ದೊಡ್ಡದೊಂದು ಉಕ್ಕಿನ ದೋಣಿಯನ್ನು ಕಟ್ಟಿಸಲು ಬಯಸಿದ್ದರು. ಅದಕ್ಕೆ ಹಣ ದೊರೆಯಲಿಲ್ಲ. ಕೈಯಲ್ಲಿದ್ದ ಸುಹೈಲಿಯಲ್ಲಿಯೇ ಅವರು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಹೊರಟರು.

ಸೋರಿಕೆ

ಅಟ್ಲಾಂಟಿಕ್ ಸಾಗರದಲ್ಲಿಯೇ ದೋಣಿಯೊಳಗೆ ನೀರು ಬರತೊಡಗಿತು. ನಾವಿಕ ನೀರಿಗಿಳಿದು ನೋಡಿದಾಗ ಕೀಲ್‌ನ ಸಮೀಪ ಎರಡೂ ಪಕ್ಕಗಳಲ್ಲಿ ಹಲಗೆಗಳ ಸಂದು ಹಲವು ಅಡಿಗಳಷ್ಟು ಉದ್ದಕ್ಕೆ ಬಿಟ್ಟುಕೊಂಡಿರುವುದು ಕಂಡಿತು. ಉಸಿರಾಟದ ಉಪಕರಣವಿಲ್ಲದೆ, ಉಸಿರು ಹಿಡಿದು ಮತ್ತೆಮತ್ತೆ ಮುಳುಗಿ ಹತ್ತಿಯನ್ನು ಸಂದಿನೊಳಗೆ ತುರುಕುವ ಪ್ರಯತ್ನ ಫಲಿಸಲಿಲ್ಲ. ಅವರು ಹತ್ತಿಯನ್ನು ಕಿರಿದಾದ ಕ್ಯಾನ್ವಾಸ್ ಪಟ್ಟಿಯೊಂದಕ್ಕೆ ಹೊಲಿದು, ಡಾಂಬರು ಬಳಿದು, ಆ ಪಟ್ಟಿಯನ್ನು ತಾಮ್ರದ ಮೊಳೆಗಳಿಂದ ಸಂದಿನ ಮೇಲೆ ಬಡಿದರು. ಅದರ ಮೇಲೆ ತಾಮ್ರದ ತಗಡನ್ನು ಹೊದಿಸಿದರು. ಕೆಲಸದ ನಡುವೆ ದೋಣಿಯನ್ನು ಸುತ್ತತೊಡಗಿದ ಶಾರ್ಕ್ ಮೀನೊಂದನ್ನು ಗುಂಡು ಹಾರಿಸಿ ಕೊಲ್ಲಬೇಕಾಯಿತು.

ಈ ಘಟನೆ ಮರದ ದೋಣಿಯ ದೌರ್ಬಲ್ಯವನ್ನೂ ಅನುಕೂಲವನ್ನೂ ಒಟ್ಟಿಗೆ ತೋರಿಸುತ್ತದೆ. ಹಲಗೆಗಳನ್ನು ಜೋಡಿಸಿ ಕಟ್ಟಿದ ಒಡಲು ಸಾಗರದ ತಿರುಚುವಿಕೆಗೆ ಸಿಕ್ಕಿ ಸಂದು ಬಿಡುವುದು ಸಹಜ. ಅದನ್ನು ನಡುಸಾಗರದಲ್ಲಿ, ಬಟ್ಟೆ, ಮೊಳೆ, ತಗಡುಗಳಿಂದ ಒಬ್ಬನೇ ಮನುಷ್ಯ ಸರಿಪಡಿಸಲು ಸಾಧ್ಯವಾದದ್ದೂ ಅದು ಮರದ್ದಾಗಿದ್ದರಿಂದಲೇ.

ಮಗುಚು

1968ರ ಸೆಪ್ಟೆಂಬರ್‌ನಲ್ಲಿ, ಗುಡ್‌ಹೋಪ್ ಭೂಶಿರದ ದಕ್ಷಿಣಕ್ಕೆ, ದೊಡ್ಡ ಅಲೆಯೊಂದು ಸುಹೈಲಿಯನ್ನು ಪಕ್ಕಕ್ಕೆ ಕೆಡವಿತು. ದೋಣಿ ತಾನಾಗಿ ಎದ್ದು ನಿಂತಿತು, ಕೂವೆಮರಗಳೂ ಉಳಿದವು. ಆದರೆ ಕೋಣೆಯ ಮೇಲ್ಕಟ್ಟು ಒಡಲಿನಿಂದ ಸ್ವಲ್ಪ ಸರಿದು ಸುತ್ತಲೂ ಬಿರುಕು ಬಿಟ್ಟಿತು. ಮುಂದೆ ಇಂಥದೇ ಇನ್ನೊಂದು ಹೊಡೆತ ಬಿದ್ದರೆ ಮೇಲ್ಕಟ್ಟು ಕಿತ್ತುಹೋಗಿ ದೋಣಿ ತುಂಬಿಬಿಡುವ ಅಪಾಯವಿತ್ತು. ನೀರಿನ ತೊಟ್ಟಿಗಳು ಕೆಟ್ಟಿದ್ದರಿಂದ ಮಳೆನೀರನ್ನು ಹಿಡಿದುಕೊಳ್ಳಬೇಕಾಯಿತು. ರೇಡಿಯೊ ಕೂಡ ಕೈಕೊಟ್ಟಿತು.

ಆನಂತರ ಭಾರಿ ಅಲೆಗಳಲ್ಲಿ ನಾಕ್ಸ್-ಜಾನ್‌ಸ್ಟನ್ ಉದ್ದವಾದ ಹಗ್ಗಗಳನ್ನು ಹಿಂಬದಿಯಿಂದ ನೀರಿಗೆ ಬಿಟ್ಟು, ಮುಂದೆ ಸಣ್ಣ ಬಿರುಗಾಳಿ ಹಾಯಿಯೊಂದನ್ನು ನಡುವಿಗೆ ಬಿಗಿದು ದೋಣಿಯನ್ನು ನಿಲ್ಲಿಸುವ ವಿಧಾನವನ್ನು ಬಳಸಿದರು. ಹಗ್ಗಗಳ ಎಳೆತದಿಂದ ದೋಣಿಯ ವೇಗ ತಗ್ಗಿ, ಚೂಪಾದ ಹಿಂಬದಿ ಸದಾ ಅಲೆಗಳತ್ತ ಮುಖಮಾಡಿ ನಿಲ್ಲುತ್ತಿತ್ತು. ರಕ್ಷಣಾ ದೋಣಿಗಾಗಿ ರೂಪಿಸಿದ ಆಕಾರ ತನ್ನ ಮೂಲ ಉದ್ದೇಶಕ್ಕೆ ಒದಗಿದ್ದು ಇಲ್ಲಿ.

ಸ್ವಯಂಚಾಲಿತ ಚುಕ್ಕಾಣಿ ಇಲ್ಲದ ಯಾನ

ಗಾಳಿಯ ದಿಕ್ಕನ್ನು ಅನುಸರಿಸಿ ದೋಣಿಯನ್ನು ತಾನಾಗಿ ನಡೆಸುವ ಸಾಧನ ಟಾಸ್ಮನ್ ಸಮುದ್ರದಲ್ಲಿ ಪೂರ್ಣವಾಗಿ ಮುರಿದುಹೋಯಿತು. ಒಂಟಿ ನಾವಿಕನಿಗೆ ನಿದ್ದೆ ಸಾಧ್ಯವಾಗುವುದು ಇಂಥ ಸಾಧನದಿಂದ. ಅದಿಲ್ಲದೆ ಸ್ಪರ್ಧೆಯಿಂದ ಹಿಂದೆ ಸರಿಯುವುದು ಸಹಜವಾಗಿತ್ತು. ಆದರೆ ಉದ್ದವಾದ ಕೀಲ್ ಮತ್ತು ಎರಡು ಕೂವೆಮರಗಳ ಹಾಯಿಗಳನ್ನು ಸರಿಯಾಗಿ ಹೊಂದಿಸಿದರೆ ಸುಹೈಲಿ ಚುಕ್ಕಾಣಿ ಹಿಡಿಯದೆಯೂ ಬಹುಕಾಲ ಒಂದೇ ದಾರಿಯಲ್ಲಿ ಸಾಗುತ್ತಿತ್ತು. 1968ರ ನವೆಂಬರ್‌ನಲ್ಲಿ ನ್ಯೂಜಿಲೆಂಡಿನ ಒಟಾಗೊ ಬಂದರಿನ ಬಾಯಿಯಲ್ಲಿ ದೋಣಿ ಮರಳಿನ ಮೇಲೆ ಸಿಕ್ಕಿಕೊಂಡಿತು. ಹೊರಗಿನ ನೆರವು ಪಡೆದರೆ ಅನರ್ಹತೆಯಾಗುತ್ತಿದ್ದ ಕಾರಣ ನಾವಿಕ ಉಬ್ಬರವಿಳಿತಕ್ಕೆ ಕಾದು, ತಾವೇ ಅದನ್ನು ಬಿಡಿಸಿಕೊಂಡರು. ಅಲ್ಲಿಂದ ಫಾಲ್ಮತ್‌ವರೆಗಿನ ದಾರಿಯನ್ನು ಸುಹೈಲಿ ಸ್ವಯಂಚಾಲಿತ ಸಾಧನವಿಲ್ಲದೆಯೇ ಕ್ರಮಿಸಿತು.

1969ರ ಜನವರಿ 17ರಂದು ಅದು ಹಾರ್ನ್ ಭೂಶಿರವನ್ನು ದಾಟಿತು. ಒಟಾಗೊದ ನಂತರ ತಿಂಗಳುಗಟ್ಟಲೆ ಸುದ್ದಿಯಿರಲಿಲ್ಲ. ಏಪ್ರಿಲ್ 6ರಂದು ಅಜೋರಸ್ ದ್ವೀಪಗಳ ಸಮೀಪ 'ಮೊಬಿಲ್ ಆಕ್ಮೆ' ಎಂಬ ತೈಲವಾಹಕ ಹಡಗಿನೊಂದಿಗೆ ಸಂಪರ್ಕ ಸಾಧ್ಯವಾದಾಗ ದೋಣಿಯೂ ನಾವಿಕನೂ ಉಳಿದಿರುವುದು ಹೊರಜಗತ್ತಿಗೆ ತಿಳಿಯಿತು. 312 ದಿನಗಳಲ್ಲಿ 30,123 ಮೈಲಿ ಕ್ರಮಿಸಿ ಸುಹೈಲಿ ಫಾಲ್ಮತ್‌ಗೆ ಮರಳಿತು. ಸರಾಸರಿ ದಿನಕ್ಕೆ 96.5 ಮೈಲಿ, ಗಂಟೆಗೆ ಸುಮಾರು 4 ಮೈಲಿ. ಇದು ಒಡಲಿನ ಗರಿಷ್ಠ ವೇಗದ ಶೇಕಡಾ 57ರಷ್ಟು ಮಾತ್ರ.

ಇತರ ಸ್ಪರ್ಧಿ ದೋಣಿಗಳೊಂದಿಗೆ ಹೋಲಿಕೆ

ಜಾನ್ ರಿಜ್ವೇ ಮತ್ತು ಚೇ ಬ್ಲೈತ್ ಅವರ ದೋಣಿಗಳು ತಲಾ 30 ಅಡಿಯ, ಅವಳಿ ಕೀಲ್‌ಗಳ ಫೈಬರ್‌ಗ್ಲಾಸ್ ದೋಣಿಗಳು. ಕರಾವಳಿಯ ವಿಹಾರಕ್ಕೆ ತಕ್ಕವು. ರಿಜ್ವೇ ಬ್ರೆಜಿಲ್‌ನಲ್ಲಿ, ಬ್ಲೈತ್ ದಕ್ಷಿಣ ಆಫ್ರಿಕಾದಲ್ಲಿ ಸ್ಪರ್ಧೆ ಬಿಟ್ಟರು. ಬಿಲ್ ಕಿಂಗ್ ಅವರ ಹಗುರವಾದ 'ಗಾಲ್ವೇ ಬ್ಲೇಜರ್ 2' ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಮಗುಚಿ ಕೂವೆಮರದ ಹಾನಿಗೆ ಒಳಗಾಯಿತು.

ನೈಜೆಲ್ ಟೆಟ್ಲಿ ಮತ್ತು ಡೊನಾಲ್ಡ್ ಕ್ರೌಹರ್ಸ್ಟ್ ಪ್ಲೈವುಡ್‌ನ ಟ್ರೈಮಾರನ್‌ಗಳಲ್ಲಿ, ಅಂದರೆ ಮೂರು ಒಡಲುಗಳ ದೋಣಿಗಳಲ್ಲಿ ಹೊರಟರು. ತಳಭಾರವಿಲ್ಲದ ಇವು ಒಂಟಿ ಒಡಲಿನ ದೋಣಿಗಳಿಗಿಂತ ಬಹಳ ವೇಗವಾಗಿ ಸಾಗಬಲ್ಲವು. ಟೆಟ್ಲಿಯವರ 'ವಿಕ್ಟ್ರೆಸ್' ಹಾರ್ನ್ ಭೂಶಿರವನ್ನು ದಾಟಿ ಅಟ್ಲಾಂಟಿಕ್‌ಗೆ ಮರಳಿತ್ತು. ಆದರೆ ದಕ್ಷಿಣ ಸಾಗರದಲ್ಲಿ ಅದರ ಒಡಲುಗಳು ಸಡಿಲಗೊಂಡಿದ್ದವು. ಕ್ರೌಹರ್ಸ್ಟ್ ಹತ್ತಿರದಲ್ಲಿದ್ದಾರೆಂಬ ತಪ್ಪು ಸುದ್ದಿಯಿಂದ ದೋಣಿಯನ್ನು ವೇಗವಾಗಿ ಓಡಿಸಬೇಕಾಗಿ ಬಂದು, 1969ರ ಮೇ 21ರಂದು ಅದು ಮುಳುಗಿತು, ಟೆಟ್ಲಿಯವರನ್ನು ರಕ್ಷಿಸಲಾಯಿತು. ಕ್ರೌಹರ್ಸ್ಟ್ ದಕ್ಷಿಣ ಸಾಗರವನ್ನು ಪ್ರವೇಶಿಸದೆ ಸುಳ್ಳು ಸ್ಥಾನಗಳನ್ನು ವರದಿ ಮಾಡಿದ್ದರು. ಜುಲೈನಲ್ಲಿ ಅವರ ದೋಣಿ ನಾವಿಕನಿಲ್ಲದೆ ತೇಲುತ್ತಿದ್ದುದು ಪತ್ತೆಯಾಯಿತು. 5,000 ಪೌಂಡ್ ಬಹುಮಾನವನ್ನೂ ಗೆದ್ದಿದ್ದ ನಾಕ್ಸ್-ಜಾನ್‌ಸ್ಟನ್ ಆ ಹಣವನ್ನು ಕ್ರೌಹರ್ಸ್ಟ್ ಅವರ ಕುಟುಂಬಕ್ಕೆ ನೀಡಿದರು.

ಸುಹೈಲಿಗೆ ನಿಜವಾದ ಸಾಟಿಯಾಗಿದ್ದುದು ಫ್ರಾನ್ಸಿನ ಬರ್ನಾರ್ ಮ್ವಾಟೆಸಿಯೆ ಅವರ 'ಜೋಶುವಾ'. ಇದೂ ಚೂಪಾದ ಹಿಂಬದಿಯ, ಉದ್ದ ಕೀಲ್‌ನ ಕೆಚ್ ದೋಣಿ. ಆದರೆ ಉದ್ದ ಸುಮಾರು 12 ಮೀಟರ್, ಒಡಲು ಉಕ್ಕಿನದು. ಸುಹೈಲಿ ಹೊರಟು 69 ದಿನಗಳಾದ ಮೇಲೆ, ಆಗಸ್ಟ್ 22ರಂದು ಜೋಶುವಾ ಪ್ಲಿಮತ್‌ನಿಂದ ಹೊರಟಿತು. ಹಾರ್ನ್ ಭೂಶಿರವನ್ನು ಸುಹೈಲಿ 217 ದಿನಗಳಲ್ಲಿ ತಲುಪಿದರೆ, ಜೋಶುವಾ 1969ರ ಫೆಬ್ರವರಿ 5ರಂದು, 167 ದಿನಗಳಲ್ಲಿ ತಲುಪಿತು. 50 ದಿನಗಳ ಈ ಅಂತರ ಉದ್ದ ಮತ್ತು ಬಿಗಿಯಾದ ಒಡಲಿನ ಲಾಭವನ್ನು ತೋರಿಸುತ್ತದೆ. ಬಳಿಕ ಮ್ವಾಟೆಸಿಯೆ ಸ್ಪರ್ಧೆಯನ್ನು ಕೈಬಿಟ್ಟು, ಯುರೋಪಿಗೆ ಮರಳದೆ ಮತ್ತೆ ಪೂರ್ವಕ್ಕೆ ಸಾಗಿ ಟಹೀಟಿ ಸೇರಿದರು. ಅವರು ಹಿಂದೆ ಸರಿದದ್ದು ದೋಣಿಯ ದೋಷದಿಂದಲ್ಲ.

ಮೌಲ್ಯಮಾಪನ

ಸ್ಪರ್ಧೆಯ ಫಲಿತಾಂಶವನ್ನಷ್ಟೇ ನೋಡಿ ಸುಹೈಲಿಯನ್ನು ಅತ್ಯುತ್ತಮ ದೋಣಿಯೆಂದು ಕರೆಯಲಾಗದು. ಜೋಶುವಾ ಅದೇ ಮಾದರಿಯ ಇನ್ನೂ ಸಮರ್ಥ ದೋಣಿಯಾಗಿತ್ತು. ಸುಹೈಲಿ ಮೊದಲು ಮರಳಿದ್ದರಲ್ಲಿ ಬೇಗನೆ ಹೊರಟದ್ದೂ ಒಂದು ಕಾರಣ. ಅದರ ಸಂದುಗಳು ಸೋರಿದವು, ಮೇಲ್ಕಟ್ಟು ಸರಿಯಿತು, ಹಲವು ಸಾಧನಗಳು ಕೆಟ್ಟವು.

ಆದರೂ ಅದರ ವಿನ್ಯಾಸದಲ್ಲಿ ದೀರ್ಘಯಾನಕ್ಕೆ ಒದಗಿದ ಮೂರು ಗುಣಗಳನ್ನು ಗುರುತಿಸಬಹುದು. ಮೊದಲನೆಯದು ಹೊರುವ ಶಕ್ತಿ. ಹತ್ತು ತಿಂಗಳಿಗೂ ಮೀರಿದ ಆಹಾರ ಮತ್ತು ಸಲಕರಣೆಗಳು ಹಗುರವಾದ ದೋಣಿಯ ಗುಣವನ್ನೇ ಬದಲಿಸಿಬಿಡುತ್ತವೆ. ಮೊದಲೇ ಭಾರವಾಗಿದ್ದ ಸುಹೈಲಿಯ ಮೇಲೆ ಅದರ ಪರಿಣಾಮ ಕಡಿಮೆ. ಎರಡನೆಯದು ಸಮತೋಲ. ಯಂತ್ರ ಕೆಟ್ಟಾಗಲೂ ದಾರಿ ತಪ್ಪದ ಒಡಲು ನಾವಿಕನಿಗೆ ನಿದ್ದೆಯನ್ನೂ ದುರಸ್ತಿಗೆ ಬಿಡುವನ್ನೂ ನೀಡಿತು. ಮೂರನೆಯದು ಸರಳತೆ. ಮುರಿದ ಬಹುತೇಕ ಭಾಗಗಳನ್ನು ನಾವಿಕ ಕೈಯಲ್ಲಿದ್ದ ಸಲಕರಣೆಗಳಿಂದಲೇ ಸರಿಪಡಿಸಿಕೊಳ್ಳಲು ಸಾಧ್ಯವಾಯಿತು.

ಈ ಗುಣಗಳಿಗೆ ತೆರಬೇಕಾದ ಬೆಲೆ ನಿಧಾನಗತಿ. ಸಾಗರದಲ್ಲಿ ಹೆಚ್ಚು ದಿನ ಕಳೆಯುವ ದೋಣಿ ಹೆಚ್ಚು ಬಿರುಗಾಳಿಗಳನ್ನೂ ಎದುರಿಸಬೇಕಾಗುತ್ತದೆ. ಆದ್ದರಿಂದ ವೇಗವೂ ಸುರಕ್ಷತೆಯ ಒಂದು ಅಂಶವೇ.

ನಂತರದ ವರ್ಷಗಳು

1989ರಲ್ಲಿ ನಾಕ್ಸ್-ಜಾನ್‌ಸ್ಟನ್ ಪ್ರಾಚೀನ ಆಸ್ಟ್ರೊಲೇಬ್ ಮಾದರಿಯ ಸಾಧನದಿಂದ ದಾರಿ ಗುರುತಿಸುತ್ತ ಸುಹೈಲಿಯಲ್ಲಿ ಅಟ್ಲಾಂಟಿಕ್ ದಾಟಿದರು. 1991ರಲ್ಲಿ ಪರ್ವತಾರೋಹಿ ಕ್ರಿಸ್ ಬಾನಿಂಗ್ಟನ್ ಅವರೊಂದಿಗೆ ಅದೇ ದೋಣಿಯಲ್ಲಿ ಗ್ರೀನ್‌ಲೆಂಡ್‌ಗೆ ತೆರಳಿದರು. 1997ರಿಂದ 2002ರವರೆಗೆ ಸುಹೈಲಿಯನ್ನು ಗ್ರೀನ್‌ವಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿಸಲಾಗಿತ್ತು. ಅಲ್ಲಿನ ಒಣ ಹವೆಯಲ್ಲಿ ಹಲಗೆಗಳು ಕುಗ್ಗತೊಡಗಿದ್ದರಿಂದ ಅದನ್ನು ಹೊರತಂದು ದುರಸ್ತಿ ಮಾಡಲಾಯಿತು. ಮರದ ದೋಣಿಗೆ ನೀರಿನಲ್ಲಿರುವುದಕ್ಕಿಂತ ನೀರಿನಿಂದ ದೂರವಿರುವುದೇ ಹೆಚ್ಚು ಹಾನಿಕರ ಎಂಬುದಕ್ಕೆ ಇದೊಂದು ನಿದರ್ಶನ. 2016ರಲ್ಲಿ ಸುಹೈಲಿ ಮತ್ತೆ ನೀರಿಗಿಳಿಯಿತು. ಯಾನದ ಐವತ್ತನೆಯ ವರ್ಷದಲ್ಲಿ, 2018ರ ಜೂನ್ 14ರಂದು, ಫಾಲ್ಮತ್‌ನಲ್ಲಿ ನಡೆದ ಸಮಾರಂಭದಲ್ಲಿ ಅದು ಭಾಗವಹಿಸಿತು.

ತುರೀಯ ಮತ್ತು ವಿನ್ಯಾಸದ ಮುಂದುವರಿಕೆ

ಭಾರತೀಯ ನೌಕಾಪಡೆಯ ಅಭಿಲಾಷ್ ಟಾಮಿ 2012–13ರಲ್ಲಿ 56 ಅಡಿಯ 'ಮ್ಹಾದೇಯಿ' ಹಾಯಿದೋಣಿಯಲ್ಲಿ ಒಂಟಿಯಾಗಿ, ಎಲ್ಲಿಯೂ ನಿಲ್ಲದೆ ಭೂಪ್ರದಕ್ಷಿಣೆ ಮಾಡಿದ ಮೊದಲ ಭಾರತೀಯರಾದರು. ಗೋವಾದ ಅಕ್ವೇರಿಯಸ್ ನೌಕಾಗಾರದಲ್ಲಿ ಕಟ್ಟಿದ ಆ ದೋಣಿಯ ಹೆಸರು ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿ ಗೋವಾಕ್ಕೆ ಹರಿಯುವ ಮಹದಾಯಿ ನದಿಯದು. 1968ರ ಸ್ಪರ್ಧೆಯ ನೆನಪಿಗೆ 2018ರಲ್ಲಿ ಹಳೆಯ ಕಾಲದ ಸಾಧನಗಳೊಂದಿಗೆ ಗೋಲ್ಡನ್ ಗ್ಲೋಬ್ ಸ್ಪರ್ಧೆ ಮತ್ತೆ ಏರ್ಪಟ್ಟಾಗ, ಅದೇ ನೌಕಾಗಾರದಲ್ಲಿ ಸುಹೈಲಿಯ ಪ್ರತಿರೂಪವಾದ 'ತುರೀಯ'ವನ್ನು ಟಾಮಿ ಅವರಿಗಾಗಿ ಕಟ್ಟಲಾಯಿತು. ಅದು 2017ರ ಆಗಸ್ಟ್‌ನಲ್ಲಿ ನೀರಿಗಿಳಿಯಿತು.

2018ರ ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ತುರೀಯ ಮಗುಚಿ ಕೂವೆಮರಗಳನ್ನು ಕಳೆದುಕೊಂಡಿತು. ಬೆನ್ನಿಗೆ ತೀವ್ರ ಗಾಯವಾಗಿದ್ದ ಟಾಮಿ ಅವರನ್ನು ಮೂರು ದಿನಗಳ ನಂತರ ಫ್ರಾನ್ಸಿನ 'ಒಸಿರಿಸ್' ಹಡಗು ರಕ್ಷಿಸಿತು. ಅದೇ ಬಿರುಗಾಳಿಯಲ್ಲಿ ಐರ್ಲೆಂಡಿನ ಸ್ಪರ್ಧಿಯ ಭಿನ್ನ ವಿನ್ಯಾಸದ ದೋಣಿಯೂ ಕೂವೆಮರ ಕಳೆದುಕೊಂಡಿತ್ತು. ಒಂದು ದೋಣಿ ಪಾರಾದ ಸಾಗರದಲ್ಲಿ ಅದರ ಪ್ರತಿರೂಪ ಪಾರಾಗಲಿಲ್ಲ. ಒಂದು ಯಾನದ ಯಶಸ್ಸು ವಿನ್ಯಾಸಕ್ಕೆ ಪೂರ್ಣ ಪ್ರಮಾಣವಾಗದು ಎಂಬುದನ್ನು ತುರೀಯದ ಅನುಭವ ನೆನಪಿಸುತ್ತದೆ. ಆ ಸ್ಪರ್ಧೆಯನ್ನು ಫ್ರಾನ್ಸಿನ ಜಾನ್-ಲುಕ್ ವಾನ್ ಡೆನ್ ಹೀಡ್ 36 ಅಡಿಯ 'ರಸ್ಲರ್ 36' ಮಾದರಿಯ ದೋಣಿಯಲ್ಲಿ ಸುಮಾರು 212 ದಿನಗಳಲ್ಲಿ ಗೆದ್ದರು. ಇದು ಸುಹೈಲಿಗಿಂತ 100 ದಿನ ಕಡಿಮೆ.

ಎರಿಕ್‌ನ ಆಕಾರ 1970ರ ದಶಕದಲ್ಲಿ ಅಮೆರಿಕದ 'ವೆಸ್ಟ್‌ಸೇಲ್ 32' ಎಂಬ ಫೈಬರ್‌ಗ್ಲಾಸ್ ದೋಣಿಯ ಮೂಲಕ ಮತ್ತೆ ಜನಪ್ರಿಯವಾಯಿತು. ಸಂದುಗಳಿಲ್ಲದ ಫೈಬರ್‌ಗ್ಲಾಸ್ ಒಡಲು ಸುಹೈಲಿಯನ್ನು ಕಾಡಿದ ಸೋರಿಕೆಯ ತೊಂದರೆಯನ್ನು ಬಹುಮಟ್ಟಿಗೆ ನೀಗಿಸಿತು. 2022ರಲ್ಲಿ ಆರಂಭವಾದ ಗೋಲ್ಡನ್ ಗ್ಲೋಬ್ ಸ್ಪರ್ಧೆಯನ್ನು 2023ರ ಏಪ್ರಿಲ್‌ನಲ್ಲಿ ಗೆದ್ದ ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್ ಅವರ 'ಮಿನ್ನೆಹಾಹಾ' ದೋಣಿ 'ಕೇಪ್ ಜಾರ್ಜ್ 36' ಮಾದರಿಯದು. ಚಪ್ಪಟೆ ಹಿಂಬದಿಯ ಆ ಮಾದರಿಯ ಮೂಲವೂ ಆಟ್ಕಿನ್ ಅವರ ಇನ್ನೊಂದು ನಕ್ಷೆಯೇ. ಎರಡನೆಯ ಸ್ಥಾನ ಪಡೆದವರು ಅಭಿಲಾಷ್ ಟಾಮಿ. ಈ ಬಾರಿ ಅವರ ದೋಣಿ 'ರಸ್ಲರ್ 36' ಮಾದರಿಯದಾಗಿತ್ತು.